ಮುಗಿಯದ ಕಥೆಯ ಬೆನ್ನು ಹತ್ತುವವರಿಗೆ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಸ್ವತಂತ್ರ ವೈಜ್ಞಾನಿಕ ಕಾಮಿಕ್ಸ್ ಓದುವ ದಾರಿಗಳು

ಅಮೆರಿಕದಲ್ಲಿ ಪ್ರತಿ ಬುಧವಾರ ಹೊಸ ಕಾಮಿಕ್ಸ್ ಸಂಚಿಕೆಗಳು ಅಂಗಡಿಗೆ ಬರುತ್ತವೆ. ಆ ಬುಧವಾರ ಬಳ್ಳಾರಿಯ ರಾಯಲ್ ವೃತ್ತವನ್ನಾಗಲಿ, ರಾಯಚೂರಿನ ತೀನ್ ಕಂದೀಲನ್ನಾಗಲಿ, ಕೊಪ್ಪಳದ ಜವಾಹರ ರಸ್ತೆಯನ್ನಾಗಲಿ ಮುಟ್ಟುವುದಿಲ್ಲ. ಆದರೆ ಓದುಗರು ಇಲ್ಲಿಯೂ ಇದ್ದಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಮೊಬೈಲ್ ಹಿಡಿಯುವವರು, ಶಕ್ತಿನಗರದ ವಸತಿಗೃಹಗಳಲ್ಲಿ ಬೆಳೆದ ಹುಡುಗರು, ಗಂಗಾವತಿಯಿಂದ ಎಂಜಿನಿಯರಿಂಗ್ ಓದಲು ಹೋದ ಹುಡುಗಿಯರು. ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ಹತ್ತಾರು ವರ್ಷ ನಡೆಯುವ ವೈಜ್ಞಾನಿಕ ಕಾಮಿಕ್ಸ್ ಸರಣಿಯೊಂದನ್ನು ಇಲ್ಲಿಂದ ಹಿಂಬಾಲಿಸಬೇಕೆಂದರೆ ಯಾವುದನ್ನು, ಯಾವ ರೂಪದಲ್ಲಿ ಓದಬೇಕು?

ಕಥೆ ಎಷ್ಟು ಚೆನ್ನಾಗಿದೆ ಎಂದು ವಿಚಾರಿಸುವ ಮೊದಲು ಅದು ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಡೆಯುತ್ತಿದೆಯೇ, ಮುಗಿದಿದೆಯೇ, ನಡುವೆ ನಿಂತಿದೆಯೇ? ಯಾವ ರೂಪದಲ್ಲಿ ಕೊಳ್ಳಬೇಕೆಂಬುದು ಇದಕ್ಕೆ ಸಿಗುವ ಉತ್ತರದ ಮೇಲೆ ನಿಂತಿದೆ.

ಸ್ವತಂತ್ರ ಸರಣಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಇಷ್ಟು ತೂಕ ಬರಲು ಕಾರಣವಿದೆ. ದೊಡ್ಡ ಕಂಪನಿಗಳ ಸೂಪರ್‌ಹೀರೋ ಪತ್ರಿಕೆಗಳಲ್ಲಿ ಒಬ್ಬ ಚಿತ್ರಕಾರ ದಣಿದರೆ ಮತ್ತೊಬ್ಬ ಬರುತ್ತಾನೆ. ಪಾತ್ರ ಕಂಪನಿಯ ಸೊತ್ತು, ಹಾಗಾಗಿ ಪತ್ರಿಕೆ ನಿಲ್ಲುವುದಿಲ್ಲ. 1992ರಲ್ಲಿ ಏಳು ಮಂದಿ ಚಿತ್ರಕಾರರು ಸೇರಿ ಇಮೇಜ್ ಕಾಮಿಕ್ಸ್ ಕಟ್ಟಿದ್ದು ಈ ಪದ್ಧತಿಯಿಂದ ಹೊರಬರಲೆಂದೇ. ಅಲ್ಲಿ ಕೃತಿಯ ಹಕ್ಕು ಬರೆದವರದು ಮತ್ತು ಬಿಡಿಸಿದವರದು. ಪ್ರಕಾಶಕರು ತಮ್ಮ ನಿಗದಿತ ಶುಲ್ಕ ತೆಗೆದುಕೊಳ್ಳುತ್ತಾರೆ. ಮುದ್ರಣದ ಖರ್ಚೂ ಕಳೆದ ಮೇಲೆ ಉಳಿದದ್ದು ಸೃಷ್ಟಿಕರ್ತರಿಗೆ. ಅಂದರೆ ಪುಟಕ್ಕಿಷ್ಟು ಎಂಬ ಸಂಬಳವಿಲ್ಲ, ಮಾರಾಟವೇ ಸಂಬಳ. ಇಬ್ಬರು ಸೇರಿ ಮಾಡುವ ಸರಣಿಯಲ್ಲಿ ಒಬ್ಬರಿಗೆ ವಿಶ್ರಾಂತಿ ಬೇಕಾದರೆ ಇಡೀ ಕಥೆ ವಿಶ್ರಾಂತಿಗೆ ಹೋಗುತ್ತದೆ. ಓದುಗರು ಇದನ್ನು ಒಪ್ಪಿಕೊಂಡೇ ಒಳಗೆ ಬರಬೇಕು.

ನಡೆಯುತ್ತಿರುವ ಕಥೆ: ಸಾಗಾ

ಇಂದು ಈ ಬಗೆಯ ಓದಿಗೆ ಇಳಿಯುವ ಬಹುತೇಕರು ಮೊದಲು ಕೇಳುವ ಹೆಸರು ಸಾಗಾ. ಬ್ರಯಾನ್ ಕೆ. ವಾನ್ ಬರೆಯುತ್ತಾರೆ, ಫಿಯೋನಾ ಸ್ಟೇಪಲ್ಸ್ ಬಿಡಿಸುತ್ತಾರೆ. ಮೊದಲ ಸಂಚಿಕೆ ಬಂದದ್ದು 2012ರ ಮಾರ್ಚ್‌ನಲ್ಲಿ. ಒಂದು ಗ್ರಹ ಮತ್ತು ಅದರ ಉಪಗ್ರಹದ ನಡುವೆ ಮುಗಿಯದ ಯುದ್ಧ. ಎರಡೂ ಕಡೆಯ ಇಬ್ಬರು ಸೈನಿಕರು, ಅಲಾನಾ ಮತ್ತು ಮಾರ್ಕೊ, ಮದುವೆಯಾಗಿ ಮಗುವಿನೊಂದಿಗೆ ಓಡುತ್ತಾರೆ. ಆ ಮಗು ಹೇಜಲ್, ದೊಡ್ಡವಳಾದ ಮೇಲೆ ಈ ಕಥೆಯನ್ನು ನಮಗೆ ಹೇಳುತ್ತಾಳೆ. ಮೊದಲ ಸಂಪುಟಕ್ಕೆ 2013ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಬಾಹ್ಯಾಕಾಶ ನೌಕೆಗಳಿಗಿಂತ ಅಜ್ಜ ಅಜ್ಜಿ, ಗಂಡ ಹೆಂಡತಿ, ಕೂಸು ನೋಡಿಕೊಳ್ಳುವವರು, ಇವರ ನಡುವಿನ ಜಗಳ ಮತ್ತು ಮಮತೆಯೇ ಇದರ ಜೀವ. ಕೂಡು ಕುಟುಂಬದಲ್ಲಿ ಬೆಳೆದ ನಮ್ಮ ಕಡೆಯವರಿಗೆ ಇದು ಬೇಗನೆ ಹತ್ತಿರವಾಗುತ್ತದೆ.

2018ರ ಜುಲೈನಲ್ಲಿ 54ನೆಯ ಸಂಚಿಕೆ ಬಂತು. ಅದರ ಕೊನೆಯ ಪುಟಗಳು ಓದುಗರನ್ನು ನಡುಗಿಸಿದವು. ಆಮೇಲೆ ಮೂರೂವರೆ ವರ್ಷ ಏನೂ ಬರಲಿಲ್ಲ. 55ನೆಯ ಸಂಚಿಕೆ ಬಂದದ್ದು 2022ರ ಜನವರಿಯಲ್ಲಿ. ಒಟ್ಟು 108 ಸಂಚಿಕೆಗಳ ಕಥೆ ಇದು ಎಂದು ಲೇಖಕರೇ ಹೇಳಿದ್ದಾರೆ, ಅಂದರೆ ಆ ಬಿಡುವು ಬಿದ್ದದ್ದು ಸರಿಯಾಗಿ ನಡುಮಧ್ಯದಲ್ಲಿ. ಇಷ್ಟು ಗೊತ್ತಿದ್ದರೆ ಯಾವ ರೂಪ ಕೊಳ್ಳಬೇಕೆಂದು ಯೋಚಿಸುವುದು ಸುಲಭ.

ಮೊದಲನೆಯ ದಾರಿ, ಬಿಡಿ ಸಂಚಿಕೆ. ನಿಜವಾದ ಕಂತಿನ ರುಚಿ ಇರುವುದು ಇಲ್ಲೇ. ಪ್ರತಿ ಸಂಚಿಕೆಯ ಕೊನೆಗೆ ಓದುಗರ ಪತ್ರಗಳಿಗೆ ಮೀಸಲಾದ ಪುಟಗಳಿರುತ್ತವೆ, ಕಾಗದದ ಮೇಲೆ ಬರೆದು ಅಂಚೆಯಲ್ಲಿ ಕಳಿಸಿದ ಪತ್ರಗಳೆಂದರೆ ವಾನ್ ಅವರಿಗೆ ಹೆಚ್ಚು ಇಷ್ಟ. ಸಂಪುಟ ಕೊಳ್ಳುವವರಿಗೆ ಆ ಪತ್ರಗಳು ಸಿಗುವುದಿಲ್ಲ. ಹಿಂದೆ ನಮ್ಮ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿಯ ಪುಟಗಳನ್ನು ಕಿತ್ತು, ದಾರ ಹಾಕಿ ಹೊಲಿದು ಇಡುತ್ತಿದ್ದರಲ್ಲ, ಆ ಹೊಲಿದ ಕಟ್ಟಿನಲ್ಲಿ ಕಥೆ ಉಳಿಯುತ್ತಿತ್ತು, ಪಕ್ಕದ ಪುಟದಲ್ಲಿದ್ದ ಆ ವಾರದ ಲೋಕ ಕಳೆದುಹೋಗುತ್ತಿತ್ತು. ಹಾಗೆಯೇ ಇದೂ.

ಆದರೂ ಬಳ್ಳಾರಿಯಲ್ಲಿ ಕುಳಿತವರಿಗೆ ಬಿಡಿ ಸಂಚಿಕೆಯ ಮುದ್ರಿತ ಪ್ರತಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅಮೆರಿಕದ ಅಂಗಡಿಗಳು ಸಂಚಿಕೆಗಳನ್ನು ಮುಂಗಡವಾಗಿ ತರಿಸಿಕೊಳ್ಳುತ್ತವೆ, ಉಳಿದದ್ದನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಹಾಗಾಗಿ ಎಷ್ಟು ಗಿರಾಕಿಗಳಿದ್ದಾರೋ ಅಷ್ಟೇ ಪ್ರತಿ ತರಿಸುತ್ತಾರೆ. ದೂರದ ಊರಿನ ಓದುಗ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಮೂವತ್ತರ ಆಸುಪಾಸಿನ ಪುಟಗಳ ತೆಳು ಪುಸ್ತಿಕೆಗೆ ಅದರ ಬೆಲೆಗಿಂತ ಸಾಗಾಟದ ಖರ್ಚೇ ಹೆಚ್ಚಾಗುತ್ತದೆ. ವಿತರಣೆಯ ವ್ಯವಸ್ಥೆಯೂ ಈಚೆಗೆ ಅಲುಗಾಡಿದೆ: ದಶಕಗಳ ಕಾಲ ಆ ಮಾರುಕಟ್ಟೆಯನ್ನು ಆಳಿದ ಡೈಮಂಡ್ ವಿತರಣಾ ಸಂಸ್ಥೆ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಎರಡನೆಯದು, ಆರು ಸಂಚಿಕೆಗಳನ್ನು ಕೂಡಿಸಿದ ಪೇಪರ್‌ಬ್ಯಾಕ್ ಸಂಪುಟ. ಮೂರನೆಯದು, ಹದಿನೆಂಟು ಸಂಚಿಕೆಗಳ ಗಟ್ಟಿ ರಟ್ಟಿನ ಪುಸ್ತಕ. ನಾಲ್ಕನೆಯದು, 2019ರಲ್ಲಿ ಬಂದ, ಮೊದಲ 54 ಸಂಚಿಕೆಗಳನ್ನೂ ಒಳಗೊಂಡ 1,300ಕ್ಕೂ ಹೆಚ್ಚು ಪುಟಗಳ ಬೃಹತ್ ಸಂಕಲನ. ರೂಪಾಯಿ ಬೆಲೆ ವಿನಿಮಯ ದರದ ಮೇಲೂ ಆಮದು ಮಾಡುವವರ ಮೇಲೂ ಏರಿಳಿಯುವುದರಿಂದ ಡಾಲರ್ ಮುಖಬೆಲೆಯಲ್ಲೇ ಹೋಲಿಸೋಣ. ಬಿಡಿ ಸಂಚಿಕೆ 2.99 ಡಾಲರ್ ಎಂದು ಹಿಡಿದರೆ 54ಕ್ಕೆ ಸುಮಾರು 161 ಡಾಲರ್. ಮೊದಲ ಸಂಪುಟ 9.99, ಮುಂದಿನವು 14.99ರಂತೆ ಒಂಬತ್ತು ಸಂಪುಟಗಳಿಗೆ ಸುಮಾರು 130 ಡಾಲರ್. ಬೃಹತ್ ಸಂಕಲನದ ಮುಖಬೆಲೆ 59.99, ಅಂದರೆ ಸಂಚಿಕೆಗೆ ಒಂದು ಡಾಲರ್‌ಗಿಂತ ತುಸು ಹೆಚ್ಚು.

ಲೆಕ್ಕ ನೋಡಿದರೆ ಬೃಹತ್ ಸಂಕಲನವೇ ಗೆಲ್ಲುತ್ತದೆ. ಆದರೂ ಹೊಸ ಓದುಗರಿಗೆ ನಾನು ಹೇಳುವುದು ಮೊದಲ ಸಂಪುಟವನ್ನು ಒಂದೇ ಕೊಳ್ಳಿ ಎಂದು. ಸಾಗಾ ಎಲ್ಲರಿಗೂ ಹಿಡಿಸುವ ಕಥೆಯಲ್ಲ. ಹೆರಿಗೆಯ ದೃಶ್ಯದಿಂದಲೇ ತೆರೆದುಕೊಳ್ಳುತ್ತದೆ, ಹಿಂಸೆ ಮತ್ತು ಲೈಂಗಿಕತೆ ಮುಚ್ಚುಮರೆಯಿಲ್ಲದೆ ಬರುತ್ತವೆ. ಆರು ಸಂಚಿಕೆ ಓದಿದ ಮೇಲೆ ನಿಮಗೇ ತಿಳಿಯುತ್ತದೆ. ಹಿಡಿಸದಿದ್ದರೆ ಕಳೆದುಕೊಂಡದ್ದು ಅಲ್ಪ. ಹಿಡಿಸಿತೆಂದರೆ ಆಗ ಯೋಚಿಸಿ: ಒಮ್ಮೆಗೇ ಹಣ ಹಾಕಬಲ್ಲಿರಾದರೆ ಬೃಹತ್ ಸಂಕಲನಕ್ಕೆ ಹೋಗಿ, ಮೊದಲ ಸಂಪುಟವನ್ನು ಗೆಳೆಯರಿಗೆ ಕೊಟ್ಟುಬಿಡಿ. ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದಿಡುವವರಾದರೆ ಸಂಪುಟಗಳೇ ಸರಿ. ಹತ್ತನೆಯ ಸಂಪುಟದಿಂದ ಮುಂದಕ್ಕೆ ಎರಡೂ ಬಗೆಯವರು ಒಂದೇ ಕಡೆ ಬಂದು ನಿಲ್ಲುತ್ತಾರೆ, ಏಕೆಂದರೆ ಮೊದಲ ಸಂಕಲನ 54ಕ್ಕೇ ಮುಗಿಯುತ್ತದೆ.

ಬೃಹತ್ ಸಂಕಲನದ ಕುಂದು ಅದರ ತೂಕ. ಮಲಗಿ ಓದಲಾಗದು, ರೈಲಿನಲ್ಲಿ ಹಿಡಿದು ಓದಲಾಗದು. ಬೆನ್ನು ಬಾಗದ ಕಾರಣ ಎರಡು ಪುಟಕ್ಕೆ ಹರಡಿದ ಚಿತ್ರಗಳ ನಡುಭಾಗ ಮಡಿಕೆಯೊಳಗೆ ನುಂಗಿಹೋಗುತ್ತದೆ. ಸ್ಟೇಪಲ್ಸ್ ಅವರ ಚಿತ್ರಗಳಿಗೆ ಹೀಗಾಗುವುದು ನನಗೆ ನೋವಿನ ಸಂಗತಿ. ಗಟ್ಟಿ ರಟ್ಟಿನ ಪುಸ್ತಕ ಚೆನ್ನಾಗಿ ತೆರೆದುಕೊಳ್ಳುತ್ತದೆ, ಮತ್ತೆ ಮತ್ತೆ ಓದುವ ಮನೆಗೆ ಅದು ಒಳ್ಳೆಯದು.

ಇಂಗ್ಲಿಷ್ ಬಗ್ಗೆ ಹಿಂಜರಿಯುವವರಿಗೆ ಒಂದು ಮಾತು. ಸಾಗಾದ ಸಂಭಾಷಣೆ ಇಂದಿನ ಆಡುಮಾತು, ಪಿಯುಸಿ ಮುಗಿಸಿದವರು ತೊಡಕಿಲ್ಲದೆ ಓದಬಹುದು. ಉಪಗ್ರಹದ ಜನ ಆಡುವ ಮಾತು ಎಸ್ಪೆರಾಂಟೊ ಎಂಬ ಕೃತಕ ಭಾಷೆ, ಅದನ್ನು ಅನುವಾದಿಸದೆ ಹಾಗೆಯೇ ಬಿಟ್ಟಿದ್ದಾರೆ. ಅಲ್ಲಿ ನ್ಯೂಯಾರ್ಕಿನ ಓದುಗರೂ ಮಾನ್ವಿಯ ಓದುಗರೂ ಮುಖಭಾವ ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

ಪರದೆಯ ಮೇಲೆ ಓದುವುದಾದರೆ

ಸಿಂಧನೂರು, ಕುಷ್ಟಗಿ, ದೇವದುರ್ಗದಂಥ ಊರುಗಳಿಂದ ಹೊಸ ಸಂಚಿಕೆಯನ್ನು ಬಂದ ವಾರವೇ ಓದಬೇಕೆಂದರೆ ಡಿಜಿಟಲ್ ಪ್ರತಿಯೊಂದೇ ದಾರಿ. ಕಾಯುವ ಸುಖವೂ ಸಿಗುತ್ತದೆ, ಸಾಗಾಟದ ಖರ್ಚೂ ಇಲ್ಲ. ಆದರೆ ಎರಡು ವಿಷಯ ತಿಳಿದಿರಲಿ.

ಮೊದಲನೆಯದು, ನಡುವೆ ನಿಂತ ವ್ಯಾಪಾರಿಯ ಕೈ. 2013ರ ಏಪ್ರಿಲ್‌ನಲ್ಲಿ ಸಾಗಾದ 12ನೆಯ ಸಂಚಿಕೆ ಐಫೋನ್, ಐಪ್ಯಾಡ್‌ಗಳ ಕಾಮಿಕ್ಸಾಲಜಿ ಎಂಬ ಕಾಮಿಕ್ಸ್ ಮಾರುವ ಆ್ಯಪ್‌ನಲ್ಲಿ ಬರಲಿಲ್ಲ. ಆ್ಯಪಲ್ ತಡೆಯಿತೆಂದು ಮೊದಲು ಎಲ್ಲರೂ ಭಾವಿಸಿದರು. ಆ್ಯಪಲ್ ನಿಯಮಕ್ಕೆ ವಿರುದ್ಧವಾಗಬಹುದೆಂದು ಊಹಿಸಿ ತಾವೇ ತಡೆಹಿಡಿದದ್ದಾಗಿ ಕಾಮಿಕ್ಸಾಲಜಿ ಬಳಿಕ ಸ್ಪಷ್ಟಪಡಿಸಿ, ಸಂಚಿಕೆಯನ್ನು ಬಿಡುಗಡೆ ಮಾಡಿತು. ಅಮೆಜಾನ್ 2014ರಲ್ಲಿ ಆ ಸಂಸ್ಥೆಯನ್ನು ಕೊಂಡಿತು. 2023ರ ಡಿಸೆಂಬರ್‌ನಲ್ಲಿ ಕಾಮಿಕ್ಸಾಲಜಿಯ ಪ್ರತ್ಯೇಕ ಆ್ಯಪ್ ಮುಗಿದು ಎಲ್ಲವೂ ಕಿಂಡಲ್ ಒಳಗೆ ಸೇರಿತು. ಇಂಥ ಮಳಿಗೆಯಲ್ಲಿ ಹಣ ಕೊಟ್ಟು ಪಡೆಯುವುದು ಓದುವ ಪರವಾನಗಿಯನ್ನು, ಪುಸ್ತಕವನ್ನಲ್ಲ. ಇಪ್ಪತ್ತು ವರ್ಷ ಉಳಿಯಬೇಕಾದ ಕಥೆಗೆ ಇದು ಗಟ್ಟಿ ನೆಲವಲ್ಲ. ಕಡತವನ್ನೇ ಇಳಿಸಿಕೊಳ್ಳಲು ಬಿಡುವ ಪ್ರಕಾಶಕರೂ ಇದ್ದಾರೆ. 1977ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಬರುತ್ತಿರುವ ಬ್ರಿಟನ್ನಿನ ‘2000 ಎಡಿ’ ಎಂಬ ಕಾಮಿಕ್ಸ್ ಪತ್ರಿಕೆ ತನ್ನದೇ ಮಳಿಗೆಯಲ್ಲಿ ನಕಲು ತಡೆಯ ಬೀಗವಿಲ್ಲದ ಕಡತಗಳನ್ನು ಮಾರುತ್ತದೆ. ಅದರ ಪಾತ್ರಗಳ ಹಕ್ಕು ಪ್ರಕಾಶಕರದಾದ್ದರಿಂದ ನಾನು ಹೇಳುವ ಅರ್ಥದಲ್ಲಿ ಅದು ಸ್ವತಂತ್ರವಲ್ಲ. ಆದರೂ ಜಡ್ಜ್ ಡ್ರೆಡ್ ಎಂಬ ಪಾತ್ರ ಓದುಗರ ಜೊತೆಗೇ, ವರ್ಷಕ್ಕೊಂದು ವರ್ಷದಂತೆ ವಯಸ್ಸಾಗುತ್ತಾ ಬಂದಿರುವುದು ದೀರ್ಘ ಓದನ್ನು ಪ್ರೀತಿಸುವವರು ನೋಡಲೇಬೇಕಾದ ಸಂಗತಿ.

ಎರಡನೆಯದು, ಪರದೆಯ ಅಳತೆ. ಸ್ಟೇಪಲ್ಸ್ ಹೇಜಲ್‌ಳ ನಿರೂಪಣೆಯನ್ನು ಚಿತ್ರದ ಮೇಲೆಯೇ ತಮ್ಮ ಕೈಬರಹದಲ್ಲಿ ಬರೆಯುತ್ತಾರೆ. ಮೊಬೈಲ್‌ನಲ್ಲಿ ಅದು ಇರುವೆ ಸಾಲಾಗುತ್ತದೆ, ಹಿಗ್ಗಿಸಿ ಓದಿದರೆ ಚಿತ್ರ ಹರಿದುಹೋಗುತ್ತದೆ. ಹತ್ತು ಇಂಚಿನ ಟ್ಯಾಬ್ ಇದ್ದರೆ ಮಾತ್ರ ಸಾಗಾವನ್ನು ಪರದೆಯಲ್ಲಿ ಓದಿ. ಕಪ್ಪುಬಿಳುಪಿನ ಕಿಂಡಲ್ ಯಂತ್ರದಲ್ಲಿ ಅದನ್ನು ಓದುವುದೆಂದರೆ ಅರ್ಧ ಕೃತಿಯನ್ನು ಕಳೆದುಕೊಂಡಂತೆ.

ಟೆಲಿಗ್ರಾಂನಲ್ಲಿ ಪುಕ್ಕಟೆ ಹರಿದಾಡುವ ಪ್ರತಿಗಳನ್ನು ಈ ಹೋಲಿಕೆಯಲ್ಲಿ ನಾನು ಆಯ್ಕೆಯೆಂದೇ ಎಣಿಸುವುದಿಲ್ಲ. ಮಾರಾಟವೇ ಸಂಬಳ ಎಂದು ಮೇಲೆ ಹೇಳಿದೆ. ಕೊಳ್ಳುವ ಶಕ್ತಿ ಇಲ್ಲದಿದ್ದರೆ ಕಲಾವಿದರೇ ಪುಕ್ಕಟೆ ಕೊಟ್ಟ ಕಥೆಗಳಿವೆ, ಅವುಗಳ ಮಾತು ಮುಂದಿದೆ.

ಮುಗಿದ ಕಥೆ

ಕಾಯುವ ತಾಳ್ಮೆ ಇಲ್ಲದವರು ಮುಗಿದ ಸರಣಿಯನ್ನು ಆಯ್ದುಕೊಳ್ಳುವುದು ಒಳ್ಳೆಯದು. ರಿಕ್ ರೆಮೆಂಡರ್ ಮತ್ತು ಮ್ಯಾಟಿಯೊ ಸ್ಕಲೇರಾ ಅವರ ಬ್ಲ್ಯಾಕ್ ಸೈನ್ಸ್ 2013ರಿಂದ 2019ರವರೆಗೆ 43 ಸಂಚಿಕೆಗಳಲ್ಲಿ ಮುಗಿಯಿತು. ಜೆಫ್ ಲೆಮಿರ್ ಮತ್ತು ಡಸ್ಟಿನ್ ನ್ಯೂಯೆನ್ ಅವರ ಡಿಸೆಂಡರ್ 32 ಸಂಚಿಕೆಗಳಲ್ಲಿ 2018ಕ್ಕೆ ಮುಗಿದು, ಅಸೆಂಡರ್ ಎಂಬ ಮುಂದಿನ ಭಾಗವಾಗಿ ಇನ್ನೂ 18 ಸಂಚಿಕೆ ನಡೆಯಿತು. ಎರಡರಲ್ಲಿ ನನ್ನ ಒಲವು ಡಿಸೆಂಡರ್ ಕಡೆಗೆ. ಪುಟ್ಟ ಹುಡುಗನ ರೂಪದ ರೋಬಾಟ್ ಒಂದು ತನ್ನ ಮನೆಯ ಹುಡುಗನನ್ನು ಹುಡುಕುವ ಕಥೆ, ಜಲವರ್ಣದ ತಿಳಿ ಚಿತ್ರಗಳು. ಮುಗಿದ ಸರಣಿಗೆ ಬಿಡಿ ಸಂಚಿಕೆಯ ಚಿಂತೆ ಬೇಡ, ಸಂಪುಟಗಳನ್ನು ನೇರವಾಗಿ ತರಿಸಿಕೊಳ್ಳಿ.

ಫೈಂಡರ್

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಸರನ್ನು ಉಳಿಸಿಕೊಳ್ಳಬೇಕೆಂದರೆ ನಾನು ಫೈಂಡರ್ ಎನ್ನುತ್ತೇನೆ. ಕಾರ್ಲಾ ಸ್ಪೀಡ್ ಮೆಕ್‌ನೀಲ್ ಇದನ್ನು 1996ರಲ್ಲಿ ತಮ್ಮದೇ ಪುಟ್ಟ ಪ್ರಕಾಶನದಿಂದ ಆರಂಭಿಸಿದರು. ಬರೆದವರೂ ಅವರೇ, ಬಿಡಿಸಿದವರೂ ಅವರೇ. 2005ರಲ್ಲಿ ಮುದ್ರಿತ ಸಂಚಿಕೆಗಳನ್ನು ಬಿಟ್ಟು ಅಂತರ್ಜಾಲದಲ್ಲಿ ಕಂತುಕಂತಾಗಿ ಹಾಕತೊಡಗಿದರು. 2009ರಲ್ಲಿ ಅದಕ್ಕೆ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿ ಬಂತು. 2011ರಲ್ಲಿ ಡಾರ್ಕ್ ಹಾರ್ಸ್ ಸಂಸ್ಥೆ ಹಳೆಯ ಕಥೆಗಳನ್ನು ಎರಡು ದಪ್ಪ ಸಂಪುಟಗಳಲ್ಲಿ ಒಟ್ಟುಗೂಡಿಸಿತು. ಒಬ್ಬ ವ್ಯಕ್ತಿ, ಒಂದು ಲೋಕ, ದಶಕಗಳ ದುಡಿಮೆ: ಸ್ವತಂತ್ರ ಕಾಮಿಕ್ಸ್ ಎಂಬ ಮಾತಿಗೆ ಇದಕ್ಕಿಂತ ತುಂಬಿದ ಉದಾಹರಣೆ ನನಗೆ ಗೊತ್ತಿಲ್ಲ.

ದೂರದ ಭವಿಷ್ಯ. ಗುಮ್ಮಟ ಮುಚ್ಚಿದ ಅನ್ವಾರ್ಡ್ ಎಂಬ ನಗರದಲ್ಲಿ ಕುಲಗಳ ಪದ್ಧತಿ ಬಿಗಿಯಾಗಿದೆ. ಒಂದು ಕುಲದವರೆಲ್ಲ ಒಂದೇ ರೀತಿ ಕಾಣಬೇಕು, ಕುಲದ ಲಕ್ಷಣಕ್ಕೆ ಹೊಂದದ ಮಗುವಿಗೆ ಅಲ್ಲಿ ಸ್ಥಾನವಿಲ್ಲ. ಎರಡು ಕುಲಗಳ ನಡುವೆ ಮದುವೆಯಾದವರ ಮಕ್ಕಳ ಪಾಡೇನು ಎಂಬುದು ಕಥೆಯ ಒಂದು ದೊಡ್ಡ ಎಳೆ. ಈ ನಗರಗಳ ಒಳಗೂ ಹೊರಗೂ ಅಲೆಯುವ ಜೇಗರ್ ಎಂಬ ಅಲೆಮಾರಿ ಎಲ್ಲ ಕಥೆಗಳನ್ನು ಬೆಸೆಯುತ್ತಾನೆ. ಜಾತಿ, ಕುಲ, ಬೀಗತನಗಳ ಒಳಗೇ ಉಸಿರಾಡುವ ನಮಗೆ ಈ ಭವಿಷ್ಯ ವಿಚಿತ್ರವೆನಿಸುವುದಿಲ್ಲ. ಅದರ ಬಿಗಿ ಎಲ್ಲಿ ನೋಯಿಸುತ್ತದೆ ಎಂಬುದು ಬಹುಶಃ ಅಮೆರಿಕದ ಓದುಗರಿಗಿಂತ ನಮಗೇ ಬೇಗ ತಿಳಿಯುತ್ತದೆ.

ಕಷ್ಟವೂ ಇದೆ. ಲೇಖಕಿ ಏನನ್ನೂ ಬಿಡಿಸಿ ಹೇಳುವುದಿಲ್ಲ, ಇಂಗ್ಲಿಷ್ ಗಡುಸು, ಪುಟಗಳು ದಟ್ಟ. ಅದಕ್ಕೇ ಫೈಂಡರ್ ಅನ್ನು ಪುಸ್ತಕ ರೂಪದಲ್ಲೇ ಓದಬೇಕು ಎನ್ನುತ್ತೇನೆ. ಪುಸ್ತಕದ ಹಿಂಭಾಗದಲ್ಲಿ ಅವರೇ ಬರೆದ ಟಿಪ್ಪಣಿಗಳಿವೆ. ಯಾವ ಪುಟದ ಮೂಲೆಯಲ್ಲಿ ಯಾರು ನಿಂತಿದ್ದಾರೆ, ಆ ಊಟ ಯಾವುದು, ಆ ಪದ್ಧತಿ ಎಲ್ಲಿಂದ ಬಂತು ಎಂದೆಲ್ಲ ಹೇಳುತ್ತಾರೆ. ಒಮ್ಮೆ ಟಿಪ್ಪಣಿ ನೋಡದೆ ಓದಿ, ಎರಡನೆಯ ಬಾರಿ ಪ್ರತಿ ಪುಟಕ್ಕೂ ಹಿಂದೆ ತಿರುಗಿಸುತ್ತಾ ಓದಿ. ಮೊದಲ ಸಂಪುಟದೊಳಗಿನ ಟ್ಯಾಲಿಸ್ಮನ್ ಎಂಬ ಭಾಗದಿಂದಲೂ ಶುರು ಮಾಡಬಹುದು. ಬಾಲ್ಯದಲ್ಲಿ ಕೇಳಿದ ಪುಸ್ತಕವೊಂದನ್ನು ಕಳೆದುಕೊಂಡ ಹುಡುಗಿ ಅದನ್ನು ಮತ್ತೆ ಪಡೆಯಲು ಹಂಬಲಿಸುವ ಕಥೆ ಅದು. ಚಿತ್ರಗಳು ಕಪ್ಪುಬಿಳುಪಾದ್ದರಿಂದ ಸಾಗಾ ಸೋಲುವ ಕಡೆ ಇದು ಗೆಲ್ಲುತ್ತದೆ, ದೊಡ್ಡ ಅಳತೆಯ ಕಪ್ಪುಬಿಳುಪು ಓದುಯಂತ್ರದಲ್ಲಿಯೂ ಚಿತ್ರಕ್ಕೆ ಹೆಚ್ಚು ನಷ್ಟವಿಲ್ಲ.

ದುಡ್ಡಿಲ್ಲದೆ ಓದಬಹುದಾದವು

ಮಾರ್ಕ್ ಸ್ಟ್ಯಾನ್ಲಿ ಅವರ ಫ್ರೀಫಾಲ್ 1998ರ ಮಾರ್ಚ್‌ನಲ್ಲಿ ಅಂತರ್ಜಾಲದಲ್ಲಿ ಆರಂಭವಾಯಿತು, ವಾರಕ್ಕೆ ಮೂರು ದಿನ ಬರುವ ಪಟ್ಟಿಕಥೆ. ಅನ್ಯಗ್ರಹದ ಒಬ್ಬ ಕಳ್ಳ ನಾಯಕ, ಒಂದು ರೋಬಾಟ್, ತೋಳದ ಮೂಲದಿಂದ ರೂಪಿಸಿದ ಫ್ಲಾರೆನ್ಸ್ ಎಂಬ ಎಂಜಿನಿಯರ್. ನಗಿಸುತ್ತಲೇ ಯಂತ್ರಬುದ್ಧಿಗೆ ಹಕ್ಕುಗಳಿರಬೇಕೇ ಎಂಬ ಪ್ರಶ್ನೆಯನ್ನು ಅದು ಗಂಭೀರವಾಗಿ ಎತ್ತಿಕೊಳ್ಳುತ್ತದೆ. ಹೈಸ್ಕೂಲು ಮಕ್ಕಳ ಕೈಗೂ ಕೊಡಬಹುದು.

ಹೊವರ್ಡ್ ಟೇಲರ್ ಅವರ ಶ್ಲಾಕ್ ಮರ್ಸೆನರಿ 2000ದ ಜೂನ್ 12ರಿಂದ 2020ರ ಜುಲೈ 24ರವರೆಗೆ ಒಂದು ದಿನವೂ ತಪ್ಪದೆ ಬಂತು, ಮುಗಿಯಿತು ಕೂಡ. ಆರಂಭದ ಚಿತ್ರಗಳು ಒರಟು, ಅದನ್ನು ನೋಡಿ ಬಿಟ್ಟುಬಿಡಬೇಡಿ. ವರ್ಷಗಳು ಉರುಳಿದಂತೆ ಕೈ ಪಳಗುವುದನ್ನು ಕಣ್ಣಾರೆ ಕಾಣಬಹುದು. ಎರಡೂ ಅಡ್ಡಸಾಲಿನ ಪಟ್ಟಿಗಳು, ಮೊಬೈಲನ್ನು ಅಡ್ಡ ಹಿಡಿದರೆ ಸಾಕು. ಟ್ಯಾಬ್ ಇಲ್ಲದ, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ ಸಾಗಾಕ್ಕಿಂತ ಮೊದಲು ಇವೇ ಸರಿ. ಕಂತಿಗಾಗಿ ಕಾಯುವ ಅಭ್ಯಾಸ ಬೇಕೆಂದರೆ ಫ್ರೀಫಾಲ್, ರಜೆಯಲ್ಲಿ ಇಡೀ ಕಥೆ ಮುಗಿಸಬೇಕೆಂದರೆ ಶ್ಲಾಕ್.

ತರಿಸುವುದು, ಇಡುವುದು

ಆನ್‌ಲೈನ್ ಮಳಿಗೆಗಳಲ್ಲಿ ಒಂದೇ ಸಂಪುಟಕ್ಕೆ ಹಲವು ಮಾರಾಟಗಾರರಿರುತ್ತಾರೆ, ಬೆಲೆಯಲ್ಲಿ ಬಹಳ ಅಂತರ ಇರುತ್ತದೆ. ಸಂಪುಟದ ಸಂಖ್ಯೆಯನ್ನೂ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನೂ ಹೊಂದಿಸಿ ನೋಡಿಯೇ ಹಣ ಕಟ್ಟಿ. ಸಾಗಾದಲ್ಲಿ ‘ಮೊದಲ ಸಂಪುಟ’ ಮತ್ತು ‘ಮೊದಲ ಪುಸ್ತಕ’ ಬೇರೆ ಬೇರೆ, ಒಂದರಲ್ಲಿ 6, ಇನ್ನೊಂದರಲ್ಲಿ 18 ಸಂಚಿಕೆ. ಹಳ್ಳಿಯ ವಿಳಾಸಕ್ಕೆ ಪಾರ್ಸೆಲ್ ಬರದಿದ್ದರೆ ತಾಲ್ಲೂಕು ಕೇಂದ್ರದಲ್ಲಿ ಪರಿಚಯದ ಅಂಗಡಿಯವರ ವಿಳಾಸ ಕೊಡುವುದು ನಮ್ಮ ಕಡೆ ರೂಢಿಯಲ್ಲಿರುವ ಉಪಾಯ.

ಹಳೆಯ ಪ್ರತಿಗಳಿಗೆ ಕೊಪ್ಪಳ, ಬಳ್ಳಾರಿಯವರು ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ ಹೋಗುವುದು ಒಳ್ಳೆಯದು. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ, ಅಲ್ಲಿನ ಅಬಿಡ್ಸ್‌ನಲ್ಲಿ ಭಾನುವಾರ ಪಾದಚಾರಿ ಮಾರ್ಗದ ಮೇಲೆ ಹಳೆಯ ಪುಸ್ತಕಗಳ ಸಂತೆ ಕೂಡುತ್ತದೆ. ಎರಡೂ ಕಡೆ ಸಂಪುಟಗಳು ಕ್ರಮವಾಗಿ ಸಿಗುವುದಿಲ್ಲ, ಐದನೆಯದು ಸಿಕ್ಕಿ ಎರಡನೆಯದು ಸಿಗದಿರಬಹುದು. ಅದಕ್ಕೇ ಅಲ್ಲಿ ಹುಡುಕಬೇಕಾದದ್ದು ನೀವು ಈಗಾಗಲೇ ಓದುತ್ತಿರುವ ಸರಣಿಯ ಬಿಟ್ಟುಹೋದ ಸಂಪುಟಗಳನ್ನು. ಹೊಸ ಸರಣಿ ಶುರು ಮಾಡಲು ಅದು ತಕ್ಕ ಜಾಗವಲ್ಲ.

ನಾಲ್ಕೈದು ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ಸಂಪುಟ ಕೊಂಡು ಕೈ ಬದಲಿಸುವ ಪದ್ಧತಿ ನನಗೆ ಎಲ್ಲಕ್ಕಿಂತ ಮೆಚ್ಚಿನದು. ಪ್ರತಿಗಳು ದುಡ್ಡು ಕೊಟ್ಟವೇ ಆಗಿರುತ್ತವೆ, ಓದಿದ ಮೇಲೆ ಮಾತನಾಡಲು ಜನವೂ ಇರುತ್ತಾರೆ. ಮುಂದಿನ ಸಂಪುಟ ಯಾರ ಬಳಿ ಇದೆಯೋ ಅವರು ಕಥೆ ಬಾಯಿಬಿಡದಿರಲಿ ಎಂಬ ಒಂದು ಕಟ್ಟಳೆ ಹಾಕಿಕೊಂಡರೆ ಸಾಕು.

ಇಡುವ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ ನಲವತ್ತು ದಾಟುತ್ತದೆ. ಅಂಟಿನಿಂದ ಕಟ್ಟಿದ ಪೇಪರ್‌ಬ್ಯಾಕನ್ನು ತಗಡಿನ ಮಾಡಿನ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಾಗಲಿ, ಬಿಸಿಲಿಗೆ ನಿಂತ ಕಾರಿನಲ್ಲಾಗಲಿ ಇಡಬೇಡಿ, ಬೆನ್ನಿನ ಅಂಟು ಬಿಟ್ಟು ಪುಟ ಕಳಚುತ್ತದೆ. ಬಿಸಿಲು ತಾಗದ ಒಳಗೋಡೆಯ ಅಲಮಾರಿನಲ್ಲಿ ನೆಟ್ಟಗೆ ನಿಲ್ಲಿಸಿ. ಸಂಡೂರು, ತೋರಣಗಲ್ಲಿನ ಕಡೆಯವರು ಗಾಜಿನ ಬಾಗಿಲಿನ ಅಲಮಾರು ನೋಡಿಕೊಳ್ಳಿ, ಕೆಂಪು ಧೂಳು ಪುಟಗಳ ಅಂಚಿಗೆ ಕುಳಿತರೆ ಒರೆಸಿದರೂ ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಸಾಗಾ ಮೇಲಿನ ಅಟ್ಟಣಿಗೆಯಲ್ಲಿರಲಿ, ಡಿಸೆಂಡರ್ ಅನ್ನು ದೊಡ್ಡ ಮಕ್ಕಳು ಓದಬಹುದು, ಒಮ್ಮೆ ನೀವು ಓದಿ ಕೊಡಿ.